ಲೆವಲ್ ಪೈಪಿನ ಇನ್ನೊಂದು ತುದಿ

ಬೆಳಗಿನ ಐದೂ ಮುಕ್ಕಾಲು. ಬಾಗಲಕೋಟೆಯಿಂದ ಶಿರೂರಿಗೆ ಹೋಗುವ ದಾರಿಯ ಹೊಸ ಬಡಾವಣೆಯಲ್ಲಿ, ಬೀಗ ಹಾಕಿದ ಮನೆಯೊಂದರ ಮುಂದೆ ರಂಜಾನಬಿ ತುದಿಗಾಲಲ್ಲಿ ಕುಳಿತು ಪೈಪಿಗೆ ನೀರು ತುಂಬುತ್ತಿದ್ದಾರೆ. ಒಳಗಿನದೆಲ್ಲ ಕಾಣುವ ತೆಳು ಪೈಪು. ನಲವತ್ತು ಅಡಿ ಉದ್ದ, ಕಿರುಬೆರಳಿನ ದಪ್ಪ. ಒಂದು ತುದಿ ಬಕೆಟ್ಟಿನಲ್ಲಿ ಮುಳುಗಿದೆ, ಇನ್ನೊಂದು ಬಾಯಲ್ಲಿದೆ. ಉಸಿರೆಳೆದು ನೀರನ್ನು ತುಟಿಯತನಕ ತಂದು, ತಕ್ಷಣ ಹೆಬ್ಬೆರಳಿನಿಂದ ಮುಚ್ಚುತ್ತಾರೆ. ಆಮೇಲೆ ಪೈಪನ್ನು ಬೆಳಕಿಗೆ ಹಿಡಿದು ಗೇಣು ಗೇಣಾಗಿ ನೋಡುತ್ತ ಹೋಗುತ್ತಾರೆ. ಎಲ್ಲಾದರೂ ಗಾಳಿಯ ಗುಳ್ಳೆ ಕುಂತಿದೆಯೇ ಎಂಬುದಷ್ಟೇ ಅವರ ಚಿಂತೆ.

"ಬಿಸಿಲು ಏರಿತು ಅಂದ್ರ ಈ ಕೆಲಸ ಆಗಂಗಿಲ್ರಿ. ಅರ್ಧಾ ಪೈಪ್ ಬಿಸಿಲಾಗ, ಅರ್ಧಾ ನೆಳ್ಳಾಗ ಬಿತ್ತಂದ್ರ ನೀರು ಸುಳ್ಳು ಹೇಳ್ತೈತಿ" ಎನ್ನುತ್ತಾರೆ, ಪೈಪಿನಿಂದ ಕಣ್ಣು ತೆಗೆಯದೆ.

ಅವರ ಹಿಂದೆ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡದಂತೆ ನಿಂತಿದ್ದಾರೆ. ಒಬ್ಬರು ಜಯಂತ, ಹೈಸ್ಕೂಲಿನ ಗಣಿತದ ಮಾಸ್ತರರು. ಮನೆ ಅವರದು. ಇನ್ನೊಬ್ಬರು ನವೀದ, ಮೂವತ್ನಾಲ್ಕು ವರ್ಷದ ಗುತ್ತಿಗೆದಾರ. ಮನೆ ಕಟ್ಟಿದವರು ಅವರು. ಮಾಸ್ತರರ ಹೆಂಡತಿ ಸಂಪದಾ ಗೇಟಿನ ಕಟ್ಟೆಯ ಮೇಲೆ ಚಹಾದ ಫ್ಲಾಸ್ಕು ಇಟ್ಟುಕೊಂಡು ಕುಳಿತಿದ್ದಾರೆ. ಒಂಬತ್ತು ತಿಂಗಳಿಂದ ಈ ಎರಡು ಕಡೆಯವರ ನಡುವೆ ನಡೆದ ಮಾತುಕತೆಯೆಲ್ಲ ವಕೀಲರ ನೋಟೀಸಿನ ಭಾಷೆಯಲ್ಲಿ ನಡೆದಿದೆ.

ಮನೆ ಮುಗಿದು ಹದಿನಾಲ್ಕು ತಿಂಗಳಾಯಿತು. ಗೃಹಪ್ರವೇಶ ಆಗಿಲ್ಲ. ಬಚ್ಚಲದಲ್ಲಿ ಸುರಿದ ನೀರು ಮೋರಿಗೆ ಹೋಗುವುದಿಲ್ಲ. ಹೊಸ್ತಿಲು ದಾಟಿ ಅಡಿಗೆಮನೆಗೆ ಬರುತ್ತದೆ. "ಬಚ್ಚಲ ನೀರು ಒಲಿ ಬುಡಕ್ಕ ಬಂದ್ರ ಅದು ಮನಿ ಹ್ಯಾಂಗ ಅನಸ್ಕೋತದರಿ?" ಎಂದು ಸಂಪದಾ ಕೇಳುತ್ತಾರೆ. ಗೋಡೆಯಲ್ಲಿ ಮೂರು ಬಿರುಕುಗಳೂ ಬಿದ್ದಿವೆ. ಪಾಯ ಸಾಕಷ್ಟು ಆಳ ತೆಗೆಯಲಿಲ್ಲ, ಅದಕ್ಕೇ ನೈರುತ್ಯದ ಮೂಲೆ ಕುಂತಿದೆ ಎಂಬುದು ಮಾಸ್ತರರ ದೂರು. ಇಳಿಜಾರು ಕೊಟ್ಟ ದಿನ ಸರಿಯಿತ್ತು, ಎರೆಭೂಮಿ ಆಮೇಲೆ ಕುಂತರೆ ತಾನೇನು ಮಾಡಲಿ ಎಂಬುದು ನವೀದರ ಉತ್ತರ. ಹೀಗಾಗಿ ಮನೆ ಕುಂತಿದೆ ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿದೆ.

ನವೀದರು ಸ್ವಂತ ಹೆಸರಿನಲ್ಲಿ ಕಟ್ಟಿದ ಮೊದಲ ಮನೆ ಇದು. ಇದೇ ಸಾಲಿನಲ್ಲಿ ಇನ್ನೂ ನಾಲ್ಕು ನಿವೇಶನಗಳು ಖಾಲಿ ಇವೆ. ನಾಲ್ಕೂ ಮಾಲೀಕರು ಇವತ್ತಿನ ಅಳತೆ ಏನು ಹೇಳುತ್ತದೆ ಎಂದು ಕಾಯುತ್ತಿದ್ದಾರೆ. ಅಳತೆ ನವೀದರ ವಿರುದ್ಧ ಬಂದರೆ ಈ ಬಡಾವಣೆಯಲ್ಲಿ ಅವರು ಇನ್ನೊಂದು ಇಟ್ಟಿಗೆ ಇಡುವುದಿಲ್ಲ. ಅಳತೆಯೇ ತಪ್ಪಿದರೂ ಅದೇ ಗತಿ. ತಪ್ಪಿದ ಅಳತೆ ಏನು ಮಾಡಬಲ್ಲದು ಎಂಬುದನ್ನು ರಂಜಾನಬಿ ಒಮ್ಮೆ ನೋಡಿದ್ದಾರೆ.

*

ರಂಜಾನಬಿಯವರಿಗೆ ಐವತ್ತೇಳು ವರ್ಷ. ಊರು ಹುನಗುಂದ. ಓದು ಮೂರನೆಯ ಇಯತ್ತೆಯವರೆಗೆ. ಇಪ್ಪತ್ತಾರು ವರ್ಷ ಕಟ್ಟಡದ ಕೆಲಸದಲ್ಲಿ ಹೆಣ್ಣಾಳು ಆಗಿದ್ದರು. ಬುಟ್ಟಿ ಹೊರುವುದು, ಗಾರೆ ಕಲಸುವುದು, ಹೊಸ ಗೋಡೆಗೆ ಹೊತ್ತು ಹೊತ್ತಿಗೆ ನೀರು ಹೊಡೆಯುವುದು, ಮತ್ತೆ ಲೆವಲ್ ಪೈಪಿನ ತುದಿ ಹಿಡಿಯುವುದು.

ಈ ಕೊನೆಯ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯ ಎರಡು ಮೂಲೆಗಳು ಒಂದೇ ಎತ್ತರದಲ್ಲಿವೆಯೇ ಎಂದು ತಿಳಿಯಲು ಗೋಡೆ ಕಟ್ಟುವ ಗೌಂಡಿಗಳು ನೀರು ತುಂಬಿದ ಪೈಪು ಬಳಸುತ್ತಾರೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗೌಂಡಿ ಒಂದು ತುದಿ ಹಿಡಿದು ಗೋಡೆಗೆ ಗೆರೆ ಹೊಡೆಯುತ್ತಾನೆ. ಇನ್ನೊಂದು ತುದಿಯನ್ನು ಒಬ್ಬ ಹೆಂಗಸು ಅಲುಗಾಡದೆ ಹಿಡಿದು ನಿಂತಿರುತ್ತಾಳೆ. ಗೆರೆ ಗೌಂಡಿಯ ಹೆಸರಿನಲ್ಲಿ ಉಳಿಯುತ್ತದೆ. ಅಲುಗಾಡದ ಕೈಗೆ ಹೆಸರಿಲ್ಲ, ಕೂಲಿಯೂ ಗೌಂಡಿಯ ಅರ್ಧಕ್ಕಿಂತ ಕಡಿಮೆ. ಈ ಜಿಲ್ಲೆಯಲ್ಲಿ ನೆಟ್ಟಗೆ ನಿಂತಿರುವ ಪ್ರತಿ ಮನೆಯ ಹಿಂದೆಯೂ ಹೀಗೆ ನಿಂತ ಒಬ್ಬ ಹೆಂಗಸಿದ್ದಾಳೆ. ವಾಸ್ತುಶಾಂತಿಯ ಊಟಕ್ಕೆ ಅವಳನ್ನು ಕರೆಯುವುದಿಲ್ಲ.

ರಂಜಾನಬಿಯವರ ಗಂಡ ಬಂದೇನವಾಜ ಗೌಂಡಿಯಾಗಿದ್ದರು. ಹತ್ತು ವರ್ಷದ ಹಿಂದೆ, ನಿಂತು ಕೆಲಸ ಮಾಡಲು ಗೋಡೆಗೆ ಕಟ್ಟಿದ ಪರಾಂಚಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಈಗ ಮನೆಯಲ್ಲೇ ಇರುತ್ತಾರೆ. "ನಾ ಗೆರಿ ನೋಡಾಂವ, ಆಕಿ ನೀರು ನೋಡಾಕಿ. ಈಗ ನೋಡ್ರಿ, ನಾ ಮನ್ಯಾಗ ರೊಟ್ಟಿ ಕಾಯ್ತೇನಿ, ಆಕಿ ಊರೂರ ಜಡ್ಜ ಆಗ್ಯಾಳ" ಎಂದು ಅವರು ನಗುತ್ತಾರೆ.

"ರೊಟ್ಟಿ ಕಾಯ್ತಾನಂತ" ಎಂದು ರಂಜಾನಬಿ ಒಲೆಯ ಬಳಿಯಿಂದಲೇ ಉತ್ತರ ಕೊಡುತ್ತಾರೆ. "ಬಡದು ಮುಚ್ಚಿಟ್ಟು ಹೋಗಿರ್ತೇನಿ. ಅದನ್ನ ಬೆಕ್ಕು ತಿನ್ನದಂಗ ಕಾಯ್ತಾನ. ಅದೂ ಎರಡ ಸಲ ತಿಂದೈತಿ."

ಜಡ್ಜ ಆದದ್ದು ಎಂಟು ವರ್ಷದ ಹಿಂದೆ, ಹುನಗುಂದದಲ್ಲೇ. ಕಟ್ಟಿ ಮುಗಿದ ಮನೆಯೊಂದರ ಮುಂದೆ ಮಾಲೀಕನೂ ಗುತ್ತಿಗೆದಾರನೂ ಕೈ ಕೈ ಮಿಲಾಯಿಸುವ ಹಂತದಲ್ಲಿದ್ದರು. ನೆಲ ಒಂದು ಕಡೆ ಇಳಿದಿದೆ ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬ. ಆಳುಗಳೆಲ್ಲ ದೂರ ಸರಿದು ನಿಂತರು. ರಂಜಾನಬಿ ನೀರಿನ ಕೊಡ ಇಳಿಸಿ, ಪೈಪಿನ ಒಂದು ತುದಿ ಮಾಲೀಕನ ಕೈಗೆ, ಇನ್ನೊಂದು ಗುತ್ತಿಗೆದಾರನ ಕೈಗೆ ಕೊಟ್ಟರು. "ಬಾಯಿಲೆ ಯಾಕ ಅಳೀತೀರಿ, ಇದರಲೆ ಅಳೀರಿ" ಎಂದಷ್ಟೇ ಹೇಳಿದರು.

ಅವತ್ತು ಹುಟ್ಟಿದ ಪದ್ಧತಿ ಇವತ್ತಿಗೂ ಹಾಗೇ ಇದೆ. ಪೈಪಿನ ತುದಿಗಳನ್ನು ರಂಜಾನಬಿ ತಾವು ಹಿಡಿಯುವುದಿಲ್ಲ. ಜಗಳವಾಡುವ ಇಬ್ಬರೇ ಹಿಡಿಯಬೇಕು. ನೀರು ಗುರುತಿಗೆ 'ಬಂತೇನು' ಎಂದು ಒಬ್ಬ ಕೇಳಿದರೆ ಇನ್ನೊಬ್ಬನ ಉತ್ತರ ಮೂರೇ ಮಾತಿನಲ್ಲಿ ಇರಬೇಕು: ಬಂತು, ಬರಲಿಲ್ಲ, ತಡಿ. ನಾಲ್ಕನೆಯ ಮಾತು ಬಂದರೆ ಅಳತೆ ಮೊದಲಿನಿಂದ. ಸಿಟ್ಟಿನಲ್ಲಿ ಕೈ ನಡುಗಿದರೆ ನೀರೂ ನಡುಗುತ್ತದೆ, ಆಗಲೂ ಮೊದಲಿನಿಂದ. ಒಬ್ಬ 'ಬಂತೇನು' ಎಂದು ಕೇಳದೆ, ಇನ್ನೊಬ್ಬ 'ಬಂತು' ಎನ್ನದೆ ಈ ಕೆಲಸ ಮುಗಿಯುವುದೇ ಇಲ್ಲ. ವರ್ಷಗಟ್ಟಲೆ ಮಾತು ಬಿಟ್ಟವರು ಕೂಡ ಇಲ್ಲಿ ಒಬ್ಬರಿಗೊಬ್ಬರು ಉತ್ತರ ಕೊಡಲೇಬೇಕು.

"ನಾ ನಲವತ್ತು ತಾಸಿನ ತರಬೇತಿ ತಗೊಂಡೇನಿ. ಎದುರಾಬದುರು ಕೂಡಸೂದು ಹ್ಯಾಂಗ, ಚಹಾ ಯಾವಾಗ ಕೊಡೂದು, ಎಲ್ಲಾ ಕಲಿಸ್ಯಾರ. ಇದನ್ನ ಕಲಿಸಿದ್ದಿಲ್ಲ" ಎನ್ನುತ್ತಾರೆ ಬಾಗಲಕೋಟೆಯ ವಕೀಲೆ ಸುಲಭಾ. ಮನೆ ಮಾಲೀಕರ ಮತ್ತು ಗುತ್ತಿಗೆದಾರರ ನಡುವೆ ಅವರು ಮಧ್ಯಸ್ಥಿಕೆ ಮಾಡುತ್ತಾರೆ. ಗೋಡೆ, ನೆಲ, ಛತ್ತಿನ ತಕರಾರು ಬಂದರೆ ರಂಜಾನಬಿಯವರಿಗೆ ಫೋನು ಹೋಗುತ್ತದೆ. ಬಸ್ಸಿನ ಖರ್ಚು ಸುಲಭಾ ಕೊಡುತ್ತಾರೆ. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಕೊಟ್ಟವರ ಕಡೆಗೆ ಪೈಪು ವಾಲುತ್ತದೆ ಎಂದು ರಂಜಾನಬಿಯವರೇ ಬೇಡ ಎಂದಿದ್ದಾರೆ.

ಎಂಟು ವರ್ಷದಲ್ಲಿ ನೂರಾ ನಲವತ್ಮೂರು ಮನೆಗಳಾಗಿವೆ. ಬಾದಾಮಿಯ ಕಡೆ ಕೆಂಪು ಕಲ್ಲಿನ ಗೋಡೆ ನೀರು ಕುಡಿದು ಸಿಮೆಂಟನ್ನು ಉಗುಳಿದ್ದು, ಇಳಕಲ್ಲಿನ ಕಡೆ ಗ್ರಾನೈಟ್ ನೆಲದ ಕೆಳಗೆ ಟೊಳ್ಳು ಬಿದ್ದು ಕಾಲಿಟ್ಟರೆ ಡಬ್ ಎನ್ನುವುದು, ಬನಶಂಕರಿಯ ಹತ್ತಿರ ಒಂದೇ ಗೋಡೆಗೆ ಎರಡು ಮನೆಯವರು ಹೊಡೆದಾಡಿದ್ದು. ನೂರಾ ಹದಿನೆಂಟು ರಾಜಿಯಾದವು. ಇಪ್ಪತ್ನಾಲ್ಕು ಕೋರ್ಟಿಗೆ ಹೋದವು. ಉಳಿದ ಒಂದನ್ನು ರಂಜಾನಬಿ ಎರಡರ ಜೊತೆಗೂ ಸೇರಿಸುವುದಿಲ್ಲ.

*

ಆ ಒಂದು ಇಳಕಲ್ಲಿನದು. ಮೂರು ವರ್ಷ ಆಯಿತು.

ಗೌಂಡಿಯ ಹೆಸರು ಶ್ರೀಶೈಲ. ಮೂವತ್ತು ವರ್ಷ ಕೈಪಳಗಿದವರು. ಅವರು ಕಟ್ಟಿದ ಮೊದಲ ಮಹಡಿಯ ಗೋಡೆ ಒಂದು ಕಡೆ ತಗ್ಗು ಎಂದು ಮಾಲೀಕ ತಕರಾರು ತೆಗೆದ. ರಂಜಾನಬಿ ಅಳತೆಗೆ ಹೋದಾಗ ಮಧ್ಯಾಹ್ನವಾಗಿತ್ತು. ಪೈಪು ಹಳೆಯದು, ನಡುವೆ ಒಂದು ಕಡೆ ಸೀಳಿದ್ದಕ್ಕೆ ಕರಿ ಪಟ್ಟಿ ಸುತ್ತಿತ್ತು. ನೀರು ಮುಕ್ಕಾಲು ಇಂಚು ವ್ಯತ್ಯಾಸ ತೋರಿಸಿತು. ಮಾಲೀಕ ಶ್ರೀಶೈಲರ ಕೈಲೇ ಗೋಡೆ ಕೆಡವಿಸಿದ. ಊರ ತುಂಬ ಸುದ್ದಿಯಾಯಿತು. ಗೌಂಡಿಗಳು ಬೆಳಿಗ್ಗೆ ಕೆಲಸಕ್ಕೆ ನಿಲ್ಲುವ ನಾಕಾದಲ್ಲಿ ಶ್ರೀಶೈಲರನ್ನು ಯಾರೂ ಕರೆಯದಂತಾಯಿತು.

ನಾಲ್ಕು ದಿನದ ಮೇಲೆ ನೀರು ತುಂಬಿ ಪೈಪು ತೊಳೆಯುವಾಗ ರಂಜಾನಬಿ ಪಟ್ಟಿ ಬಿಚ್ಚಿದರು. "ಪಟ್ಟಿ ಒಳಗ ಗಾಳಿ ಕುಂತಿತ್ರಿ. ಇಷ್ಟುದ್ದ" ಎಂದು ಅವರು ಬೆರಳಿನ ಎರಡು ಗೆಣ್ಣು ತೋರಿಸುತ್ತಾರೆ. "ಕರಿ ಪಟ್ಟಿ, ಕಾಣಂಗಿಲ್ಲ. ಗೋಡಿ ನೆಟ್ಟಗಿತ್ತು. ನನ್ನ ಪೈಪ್ ಸೊಟ್ಟಿತ್ತು."

ಯಾರೂ ಕೇಳಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇವರ ಇಪ್ಪತ್ತಾರು ವರ್ಷದಲ್ಲಿ ಎಂಜಿನಿಯರುಗಳ ತಪ್ಪಿಗೆ ಕೆಡವಿದ ಗೋಡೆಗಳು ಎಷ್ಟೋ ಇವೆ. ಒಬ್ಬರೂ ನಾಕಾಕ್ಕೆ ಬಂದು ಹೇಳಿದ್ದನ್ನು ಇವರು ನೋಡಿಲ್ಲ. ರಂಜಾನಬಿ ಮರುದಿನ ಮೊದಲ ಬಸ್ಸಿಗೆ ಇಳಕಲ್ಲಿಗೆ ಹೋದರು. ನಾಕಾದ ಚಹಾದಂಗಡಿಯ ಮುಂದೆ, ನಿಂತ ಎಲ್ಲ ಗೌಂಡಿಗಳಿಗೂ ಕೇಳುವ ಹಾಗೆ, ಅಳತೆ ತಪ್ಪಿದ್ದು ತಮ್ಮದು ಎಂದರು. ಶ್ರೀಶೈಲರ ಮನೆಗೆ ಹೋದರೆ ಅವರು ಹೊರಗೆ ಬರಲಿಲ್ಲ.

ಆಮೇಲೆ ಸುಲಭಾ ಅವರ ಕಚೇರಿಯಲ್ಲಿ ಒಂದು ಕಾಗದ ಬರೆಸಿ ಸಹಿ ಮಾಡಿದರು. "ಶ್ರೀಶೈಲ ಗೌಂಡಿಯವರ ಗೋಡೆ ಸರಿಯಿತ್ತು. ಅಳತೆ ತಪ್ಪಿದ್ದು ನನ್ನದು. ರಂಜಾನಬಿ, ಹುನಗುಂದ." ಅದನ್ನು ಶ್ರೀಶೈಲರ ಮನೆಗೆ ಮುಟ್ಟಿಸಿದರು. ಅಂದಿನಿಂದ ರಂಜಾನಬಿಯ ಪೈಪಿಗೆ ಪಟ್ಟಿ ಸುತ್ತುವ ಮಾತೇ ಇಲ್ಲ. ಎಲ್ಲಿ ಸೀಳಿದರೂ ಹೊಸದು ಬರಬೇಕು. ಅಳತೆ ನಸುಕಿನಲ್ಲೇ ಆಗಬೇಕು.

*

ಶಿರೂರಿನ ದಾರಿಯ ಮನೆಯಲ್ಲಿ ಈಗ ಬೆಳಕು ಸಾಕಷ್ಟು ಬಂದಿದೆ. ನವೀದ ಹತ್ತಿರ ಬಂದು, "ಖಾಲಾ, ಯಾವ ಮೂಲಿಯಿಂದ ಶುರು ಮಾಡೂಣು?" ಎನ್ನುತ್ತಾರೆ.

ಜಯಂತ ಮಾಸ್ತರರು ಚಿಕ್ಕಮ್ಮ ಎಂಬರ್ಥದ ಈ 'ಖಾಲಾ'ವನ್ನು ಹಿಡಿದುಕೊಳ್ಳುತ್ತಾರೆ. ಈ ಮೊದಲು ಸುಲಭಾ ಅವರ ಕಚೇರಿಯಲ್ಲೂ ಅವರು ಸಂಶಯ ತೋರಿಸಿದ್ದರು. "ಇಬ್ಬರೂ ಒಂದ ಮಂದಿ. ಒಳಗಿಂದೊಳಗ ಮಾತಾಡಿಕೊಂಡಿರ್ತಾರ" ಎಂದಿದ್ದರು. ಕೆಟ್ಟ ಮನಸ್ಸಿನಿಂದ ಆಡಿದರೋ ಅಭ್ಯಾಸದಿಂದ ಆಡಿದರೋ ಹೇಳುವುದು ಕಷ್ಟ. ಇಂಥ ಮಾತುಗಳು ಈಗ ಹೆಚ್ಚಾಗಿ ಅಭ್ಯಾಸದಿಂದಲೇ ಬರುತ್ತವೆ, ಆಡಿದವರಿಗೆ ಆಡಿದ್ದೇ ಗೊತ್ತಾಗುವುದಿಲ್ಲ.

"ಖಾಲಾ ಅಂತಾನ ನೋಡ್ರಿ" ಎನ್ನುತ್ತಾರೆ ಮಾಸ್ತರರು, ಯಾರಿಗೂ ಅಲ್ಲ ಎಂಬಂತೆ.

"ನೀವೂ ಅಕ್ಕಾ ಅನ್ರಿ ಸರ. ಯಾರು ಬ್ಯಾಡ ಅಂದಾರ?" ರಂಜಾನಬಿಯ ದನಿ ಏರುವುದಿಲ್ಲ. "ನಿಮಗ ಸಂಶೇ ಐತಿ ಅಂತನ ಪೈಪ್ ನಿಮ್ಮ ಕೈಯಾಗ ಕೊಡಾಕ ಬಂದೇನಿ. ಹಿಡೀರಿ."

ಮೊದಲು ಎರಡೂ ತುದಿಗಳನ್ನು ಜೋಡಿಸಿ ಹಿಡಿಸುತ್ತಾರೆ. ನೀರು ಎರಡರಲ್ಲೂ ಕೂದಲಿನಷ್ಟೂ ಹೆಚ್ಚು ಕಡಿಮೆ ಇಲ್ಲ. ಇಬ್ಬರೂ ನೋಡಿ ತಲೆ ಆಡಿಸಿದ ಮೇಲೆ ಕೆಲಸ ಶುರು.

ಅಂಗಳದಲ್ಲಿ ಬೋರ್‌ವೆಲ್ಲಿನ ಕಬ್ಬಿಣದ ಕೊಳವೆ ಇದೆ. ಕೆಳಗಿನ ಗಟ್ಟಿ ಕಲ್ಲಿನ ತನಕ ಇಳಿದಿರುವ ಕೊಳವೆ ಅದು. ಮೇಲಿನ ಮಣ್ಣು ಏನೇ ಮಾಡಿದರೂ ಅಲುಗಾಡುವುದಿಲ್ಲ. ಪಾಯ ಮುಗಿದ ದಿನ ನವೀದರ ಗೌಂಡಿ ನೆಲದ ಮಟ್ಟವನ್ನು ಅದರ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದ. ಆ ಗುರುತನ್ನು ಹದಿನಾಲ್ಕು ತಿಂಗಳಲ್ಲಿ ಯಾರೂ ನೆನೆದಿರಲಿಲ್ಲ. ನೋಟೀಸುಗಳಲ್ಲೂ ಅದಿಲ್ಲ. ರಂಜಾನಬಿ ಬಂದ ಐದೇ ನಿಮಿಷಕ್ಕೆ ಹುಡುಕಿದ್ದರು.

ಮಾಸ್ತರರು ಕೊಳವೆಯ ಗುರುತಿಗೆ ಒಂದು ತುದಿ ಹಿಡಿಯುತ್ತಾರೆ. ನವೀದ ನೈರುತ್ಯದ ಮೂಲೆಗೆ ಇನ್ನೊಂದು ತುದಿ ಒಯ್ಯುತ್ತಾರೆ.

"ಬಂತೇನ್ರಿ?" ನವೀದ ಒಳಗಿನಿಂದ ಕೂಗುತ್ತಾರೆ. ಒಂಬತ್ತು ತಿಂಗಳಲ್ಲಿ ಮಾಸ್ತರರಿಗೆ ಅವರು ನೇರವಾಗಿ ಆಡಿದ ಮೊದಲ ಮಾತು.

"ತಡಿ... ಬಂತು."

ನವೀದ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾರೆ. ರಂಜಾನಬಿ ಬಗ್ಗಿ ನೋಡುತ್ತಾರೆ. ಗೆರೆ ನೆಲಕ್ಕೆ ಸರಿಯಾಗಿ ಕುಂತಿದೆ. ನೈರುತ್ಯದ ಮೂಲೆ ಕಟ್ಟಿದ ದಿನ ಎಲ್ಲಿತ್ತೋ ಅಲ್ಲೇ ಇದೆ. ಮಾಸ್ತರರು ಒಳಗೆ ಬಂದು ಸ್ವತಃ ನೋಡಿ ಹೊರಗೆ ಹೋಗುತ್ತಾರೆ.

ಎರಡನೆಯದು ಈಶಾನ್ಯದ ಮೂಲೆ. ಅದರ ಪಕ್ಕದಲ್ಲೇ ಬಚ್ಚಲ. ಮತ್ತೆ ಬಂತೇನ್ರಿ, ಮತ್ತೆ ತಡಿ, ಮತ್ತೆ ಬಂತು. ಈ ಸಲ ಗೆರೆ ಎಳೆಯಲು ನವೀದರಿಗೆ ಜಾಗವೇ ಸಿಗುವುದಿಲ್ಲ. ನೀರಿನ ಮಟ್ಟ ನೆಲಕ್ಕಿಂತ ಕೆಳಗಿದೆ. ಹೊರಗೋಡೆಯ ಮೇಲೆ ಗುರುತು ಹಾಕಿ ಟೇಪು ಹಿಡಿದರೆ ಒಂದೂವರೆ ಇಂಚು.

ರಂಜಾನಬಿ ಗೋಡೆಗೆ ಅಂಗೈ ಊರುತ್ತಾರೆ. "ಮನಿ ಕುಂತಿಲ್ರಿ" ಎನ್ನುತ್ತಾರೆ. "ಎದ್ದೈತಿ."

"ಮನಿ ಎಲ್ಲೆರ ಏಳತದೇನು?" ಮಾಸ್ತರರು ಕೇಳುತ್ತಾರೆ. ಆಮೇಲೆ ಅವರು ಇಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಮಾತು ಹೊರಗೆ ಬರುತ್ತದೆ. "ಪೈಪಿನ್ಯಾಗ ಗಾಳಿ ಇದ್ರ? ಇಳಕಲ್ಲಿನ ಸುದ್ದಿ ನಮಗೂ ಗೊತ್ತದ."

ನವೀದ ನೆಲ ನೋಡುತ್ತಾರೆ. ಸಂಪದಾ ಗಂಡನ ಕಡೆ ನೋಡುತ್ತಾರೆ. ರಂಜಾನಬಿ ಮಾತ್ರ ತಲೆ ಆಡಿಸುತ್ತಾರೆ. "ಚೊಲೋ ಕೇಳಿದ್ರಿ. ಅವತ್ತ ಇಳಕಲ್ಲಾಗ ಯಾರರೆ ಇದನ್ನ ಕೇಳಿದ್ರ ಒಬ್ಬನ ಗೋಡಿ ಉಳೀತಿತ್ತು. ತುದಿ ಬದಲ ಮಾಡ್ಕೊರ್ರಿ. ಸರ, ನೀವು ಒಳಗ ಬರ್ರಿ. ನವೀದ, ನೀ ಹೊರಗ ಹೋಗು."

ತುದಿಗಳನ್ನು ಮತ್ತೆ ಜೋಡಿಸಿ ನೋಡುತ್ತಾರೆ, ಪೈಪನ್ನು ಮತ್ತೆ ಬೆಳಕಿಗೆ ಹಿಡಿಯುತ್ತಾರೆ, ಮತ್ತೆ ಅಳೆಯುತ್ತಾರೆ. ಒಂದೂವರೆ. ಮೂರನೆಯ ಸಲಕ್ಕೆ ಪೈಪಿನ ನೀರೆಲ್ಲ ಚೆಲ್ಲಿ ಹೊಸದಾಗಿ ತುಂಬುತ್ತಾರೆ. ಈ ಸಲ ಒಳಗಿನಿಂದ ಮಾಸ್ತರರ ದನಿ: "ಬಂತೇನು ನವೀದ?" ಹೊರಗಿನಿಂದ: "ಬಂತ್ರಿ ಸರ." ಒಂದೂವರೆ ಇಂಚು. ಗಣಿತದ ಮಾಸ್ತರರು ಮೂರು ಸಲ ಬಂದ ಉತ್ತರದ ಜೊತೆ ವಾದ ಮಾಡುವುದಿಲ್ಲ.

ಈಶಾನ್ಯದ ಮೂಲೆಗೆ ಅಂಟಿಕೊಂಡಂತೆ ನೆಲದೊಳಗೆ ನೀರಿನ ಟಾಕಿ ಇದೆ. ರಂಜಾನಬಿ ನವೀದರ ಕೈಲಿ ಅದರ ಪಕ್ಕದಲ್ಲಿ ಹಾರೆಯಿಂದ ಮೊಣಕಾಲುದ್ದ ಅಗೆಸುತ್ತಾರೆ. ಯುಗಾದಿ ಕಳೆದಿದೆ, ಅಂಗಳದ ಉಳಿದ ಮಣ್ಣು ಬಿರಿದು ಬಾಯಿ ಬಿಟ್ಟಿದೆ. ಇಲ್ಲಿ ಮಾತ್ರ ಕರಿ ಮಣ್ಣು ಹಸಿ ಹಸಿ, ಹಿಂಡಿದರೆ ಬೆರಳ ಸಂದಿಯಿಂದ ಜಾರುತ್ತದೆ. ಟಾಕಿ ಸೋರಿದೆ. ನೀರು ಕುಡಿದ ಎರೆಮಣ್ಣು ಉಬ್ಬಿ ಮೂಲೆಯನ್ನೇ ಎತ್ತಿದೆ, ಮೋರಿಯ ಬದಿ ಎದ್ದು ಬಚ್ಚಲದ ನೀರು ಅಡಿಗೆಮನೆಗೆ ತಿರುಗಿದೆ.

"ಇನ್ನ ನಿಮ್ಮ ನಿಮ್ಮದ ಹೇಳ್ರಿ" ಎನ್ನುತ್ತಾರೆ ರಂಜಾನಬಿ. ಇದು ಅವರ ಎರಡನೆಯ ಪದ್ಧತಿ. ಪೈಪು ಇಳಿಸಿದ ಮೇಲೆ ಯಾರೂ ಇನ್ನೊಬ್ಬರ ತಪ್ಪು ಹೇಳುವಂತಿಲ್ಲ. ತಮ್ಮದಿದ್ದರೆ ಹೇಳಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು.

ಮೊದಲು ಮಾತಾಡಿದ್ದು ಸಂಪದಾ. "ನಕಾಶದಾಗ ಟಾಕಿ ಗೇಟಿನ ಹಂತ್ಯಾಕ ಇತ್ತು. ವಾಸ್ತು ಪ್ರಕಾರ ನೀರು ಈಶಾನ್ಯದಾಗನ ಇರಬೇಕು, ಅದೂ ಮೂಲ್ಯಾಗನ ಇರಬೇಕು ಅಂತ ಸರಿಸಿದವ್ರು ನಾವು. ದಿನಾ ಪೈಥಾಗೊರಸ್ ಕಲಿಸೂ ಮನಿಯವ್ರು ನಾವು."

"ಆತು, ಅದನ್ನ ಯಾಕ ತರ್ತಿ?" ಎನ್ನುತ್ತಾರೆ ಮಾಸ್ತರರು. ಆಮೇಲೆ ತಾವೇ: "ಹೌದು. ನಾನ ಹಟ ಹಿಡದಿದ್ದೆ."

ನವೀದ ಕೈಯ ಮಣ್ಣು ಒರೆಸಿಕೊಳ್ಳುತ್ತಾರೆ. "ಟಾಕಿ ಸುತ್ತ ನೀರಿಗೆ ಉಬ್ಬಲಾರದ ಗರಸು ತುಂಬಬೇಕಿತ್ತು. ಅಗದ ಎರಿಮಣ್ಣು ಅಲ್ಲೇ ಬಿದ್ದಿತ್ತು, ಅದನ್ನ ಎಳದು ಹಾಕಿಸಿದೆ. ಟಾಕಿ ಒಳಗಿನ ಸಿಮೆಂಟ್ ಗಿಲಾವಿನೂ ಅವಸರದಾಗ ಮುಗಿಸಿದೆ. ಅದಕ್ಕ ಸೋರೇತಿ. ಟಾಕಿ ಇಲ್ಲಿ ಬ್ಯಾಡ್ರಿ ಸರ ಅಂತ ಹೇಳಬೇಕಿತ್ತು. ಮೊದಲನೇ ಮನಿ, ಸಿಟ್ಟಾಗ್ತಾರ ಅಂತ ಹೇಳಲಿಲ್ಲ."

ಸಂಪದಾ ಚಹಾ ಬಗ್ಗಿಸುತ್ತಾರೆ. ನಾಲ್ಕು ಕಪ್ಪು.

*

ಮಧ್ಯಾಹ್ನ ಸುಲಭಾ ಅವರ ಕಚೇರಿಯಲ್ಲಿ ರಾಜಿಪತ್ರ ತಯಾರಾಗುತ್ತದೆ. ಟಾಕಿಯನ್ನು ಒಡೆದು ಗೇಟಿನ ಹತ್ತಿರ ಹೊಸದು ಕಟ್ಟುವುದು ನವೀದರ ಹೊಣೆ, ಅದಕ್ಕೆ ಬೇಕಾದ ಸಾಮಾನು ಮಾಸ್ತರರದು. ಹಳೆಯ ಗುಂಡಿಯ ಹಸಿ ಮಣ್ಣು ತೆಗೆದು ಗರಸು ತುಂಬಬೇಕು. ದೀಪಾವಳಿಯ ತನಕ ಮೂಲೆ ಎಷ್ಟು ಇಳಿಯುತ್ತದೆ ಎಂದು ಕಾಯಬೇಕು, ಆಮೇಲೆ ಬಚ್ಚಲದ ನೆಲ ಹೊಸದಾಗಿ ಹಾಕಬೇಕು. ಮೂಲೆ ಪೂರ್ತಿ ಮೊದಲಿನ ಹಾಗೆ ಆಗುತ್ತದೆಂದು ರಂಜಾನಬಿ ಮಾತು ಕೊಟ್ಟಿಲ್ಲ. "ಎಷ್ಟು ಇಳೀತೈತಿ ಅಂತ ಮಣ್ಣ ಹೇಳಬೇಕು" ಎಂದಿದ್ದಾರೆ. ನಾಲ್ಕು ನಿವೇಶನದವರಲ್ಲಿ ಇಬ್ಬರು ಆಗಲೇ ನವೀದರಿಗೆ ಫೋನು ಮಾಡಿದ್ದಾರೆ. ಟಾಕಿ ಎಲ್ಲಿ ಕಟ್ಟಬೇಕು ಎಂದು ಕೇಳಲು.

ರಾಜಿಪತ್ರದಲ್ಲಿ ಎರಡು ಪಕ್ಷಗಾರರ ಹೆಸರಿಗೆ ಜಾಗವಿದೆ. ಮಧ್ಯಸ್ಥರ ಹೆಸರಿಗೆ, ಸಾಕ್ಷಿಗಳ ಹೆಸರಿಗೆ ಜಾಗವಿದೆ. ರಂಜಾನಬಿಗೆ ಇಲ್ಲ. ಸಾಕ್ಷಿ ಎಂದು ಬರೆಯಲು ಅವರು ಒಪ್ಪುವುದಿಲ್ಲ. ಸಾಕ್ಷಿ ನುಡಿದದ್ದು ನೀರು ಎನ್ನುತ್ತಾರೆ. ತಜ್ಞರು ಎಂದು ಬರೆಯಲು ಪ್ರಮಾಣಪತ್ರ ಬೇಕು. "ನನಗ ನಾಚಿಕಿ ಆಗ್ತದ. ಇವರು ಮಾಡಿದ ಕೆಲಸಕ್ಕ ನನ್ನ ಸಹಿ" ಎನ್ನುತ್ತಾರೆ ಸುಲಭಾ. ನೂರಾ ಹದಿನೆಂಟು ರಾಜಿಪತ್ರಗಳಲ್ಲಿ ಒಂದರಲ್ಲೂ ರಂಜಾನಬಿಯ ಹೆಸರಿಲ್ಲ. ಇವತ್ತಿನದು ನೂರಾ ಹತ್ತೊಂಬತ್ತನೆಯದು. ಇಷ್ಟು ವರ್ಷದಲ್ಲಿ ಅವರ ಹೆಸರು ಇರುವ ಕಾಗದ ಒಂದೇ ಒಂದು. ಅದರಲ್ಲಿ ಅವರ ತಪ್ಪು ಬರೆದಿದೆ.

ಆ ಕಾಗದ ಇಳಕಲ್ಲಿನಲ್ಲಿ ಶ್ರೀಶೈಲರ ಬಳಿ ಇದೆ. ಗ್ರಾನೈಟ್ ಪಾಲಿಶ್ ಮಾಡುವ ಶೆಡ್ಡಿನಲ್ಲಿ, ಮೈತುಂಬ ಕಲ್ಲಿನ ಹುಡಿ ಮೆತ್ತಿಕೊಂಡು ಅವರು ಮಾತಿಗೆ ಸಿಗುತ್ತಾರೆ. ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿದ್ದಾರೆ.

"ಇದನ್ನ ತೋರಿಸಿ ಹೋದ ವರ್ಸ ಎರಡು ಗೋಡಿ ಕಟ್ಟೇನಿ. ಈ ವರ್ಸ ಒಂದು ಪೂರಾ ಮನಿ ಹಿಡದೇನಿ. ಹಬ್ಬ ಆದಮ್ಯಾಲ ಈ ಶೆಡ್ ಬಿಡಾಂವ" ಎನ್ನುತ್ತಾರೆ. ರಂಜಾನಬಿಯವರ ಮಾತು ತೆಗೆದರೆ ಕಾಗದವನ್ನು ಮತ್ತೆ ಕಿಸೆಗೆ ಹಾಕುತ್ತಾರೆ. "ಎಂಟು ದಿನ ಕಟ್ಟಿದ ಗೋಡಿ ನನ್ನ ಕೈಲೆ ಕೆಡವಿಸ್ಯಾರ. ಆಕಿ ಹೇಳಿದ್ದು ಖರೆ, ಬರದ ಕೊಟ್ಟಿದ್ದೂ ಖರೆ. ಆದ್ರ ಸಿಟ್ಟು ಇನ್ನೂ ಐತ್ರಿ. ಸುಳ್ಳ ಯಾಕ ಹೇಳ್ಲಿ."

ಇದನ್ನು ತಿಳಿಸಿದಾಗ ರಂಜಾನಬಿ ಹುನಗುಂದದ ತಮ್ಮ ಮನೆಯ ಕಟ್ಟೆಯಲ್ಲಿ ಪೈಪು ಸುತ್ತುತ್ತಿದ್ದಾರೆ. ಒಳಗಿನ ನೀರು ಪೂರ್ತಿ ಬಸಿಯಲೆಂದು ಒಂದು ತುದಿಯನ್ನು ಮೇಲೆ ಹಿಡಿದಿದ್ದಾರೆ. ಸಿಟ್ಟಿನ ಸುದ್ದಿಗೆ ಅವರ ಮುಖ ಬಾಡುವುದಿಲ್ಲ.

"ಇರಲಿ. ಇರಬೇಕ ಅದು" ಎನ್ನುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಹೆಸರಿನ ಮಾತೂ ಬರುವುದಿಲ್ಲ, ಪ್ರಮಾಣಪತ್ರದ ಮಾತೂ ಬರುವುದಿಲ್ಲ. "ನಾ ಯಾರ ಮುಂದೂ ಪೈಪ್ ಹಿಡಿಯಂಗಿಲ್ರಿ ಈಗ. ಒಂದ ಸಲ ಹಿಡೀಬೇಕಂತ ಐತಿ. ಈ ತುದಿ ನನ್ನ ಕೈಯಾಗ, ಆ ತುದಿ ಶ್ರೀಶೈಲಣ್ಣನ ಕೈಯಾಗ. ಆತನ ಹೊಸಾ ಮನಿ ಐತಲ್ಲ, ಅದರ ಗ್ವಾಡಿಗೆ. ಬಂತೇನಣ್ಣಾ ಅಂತ ನಾ ಕೇಳ್ತೇನಿ."

ಪೈಪಿನ ಕೊನೆಯ ಹನಿ ನೆಲಕ್ಕೆ ಬೀಳುತ್ತದೆ. ಅವರು ಅದನ್ನು ಮೊಳೆಗೆ ತೂಗುಹಾಕುತ್ತಾರೆ.

"ಆತ ಬಂತು ಅನ್ನೂದ ಬ್ಯಾಡ. ತಡಿ ಅಂದ್ರೂ ಸಾಕು. ತಡೀತೇನಿ."